ಚಂದ್ರ ಪರದೆಯ ಮಗನಲ್ಲ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನಾಟಕಶಾಲೆಯ ರಂಗದ ಮೇಲೆ ಗುಡಿಸುವಾಕೆ ಬಕೆಟ್ಟಿನಿಂದ ನೀರು ಸುರಿದು ನೆಲ ಉಜ್ಜುತ್ತಿದ್ದಾಳೆ. ಅದೇ ನೆಲದ ಕೆಳಗೆ, ಹಲಗೆಗಳ ಸಂದಿಯಿಂದ ತೊಟ್ಟಿಕ್ಕುವ ನೀರಿನ ನಡುವೆ, ಒಬ್ಬ ಹೆಂಗಸು ಕೊಡೆ ಬಿಚ್ಚಿಕೊಂಡು ಕೂತಿದ್ದಾರೆ. ಕೊಡೆ ಇರುವುದು ಅವರ ತಲೆಯ ಮೇಲಲ್ಲ, ಕಂಪ್ಯೂಟರಿನ ಮೇಲೆ. ಅವರ ಹೆಗಲು ನೆನೆದು ಸೀರೆಯ ಬಣ್ಣ ಗಾಢವಾಗಿದೆ. ಅತ್ತ ಗಮನವೇ ಇಲ್ಲ.

“ನನಗೆ ನೆಗಡಿ ಆದ್ರೆ ಎರಡು ದಿನಕ್ಕೆ ಹೋಗುತ್ತೆ. ಇದಕ್ಕೆ ಆದ್ರೆ ಸಂಜೆ ಪರದೆ ಏಳಲ್ಲ,” ಎನ್ನುತ್ತಾ ಕೀಲಿಮಣೆಯ ಮೇಲೆ ಬಿದ್ದ ಒಂದು ಹನಿಯನ್ನು ಸೆರಗಿನ ತುದಿಯಿಂದ ಒರೆಸುತ್ತಾರೆ.

ನಾಟಕಶಾಲೆಯಲ್ಲಿ ಎಲ್ಲರೂ ಇವರನ್ನು ಕರೆಯುವುದು ಪಾತಾಳದಕ್ಕ ಎಂದು. ವಯಸ್ಸಿನಲ್ಲಿ ಹಿರಿಯರಾದ ನಟರೂ ಹಾಗೇ ಕರೆಯುತ್ತಾರೆ. ಪತ್ರಿಕೆಯ ಈ ಅಂಕಣಕ್ಕೆ ನಿಮ್ಮ ಬಗ್ಗೆ ಬರೆಯಬೇಕು, ಇದು ಎಲೆಮರೆಯ ಕಾಯಿಗಳ ಅಂಕಣ ಎಂದು ನಾನು ಹೇಳಿದಾಗ ಅವರು ಮೇಲಿನ ಹಲಗೆಗಳನ್ನೊಮ್ಮೆ ನೋಡಿದರು. “ನಾನು ಕಾಯಿ ಹೇಗಾಗ್ತೀನಿ? ಇರೋ ಜಾಗ ನೋಡಿದ್ರೆ ಗೆಡ್ಡೆ ಅನ್ನಬೇಕು.”

ಈ ನಾಟಕಶಾಲೆಯಲ್ಲಿ ತಮ್ಮಷ್ಟಕ್ಕೆ ಅಲ್ಲಾಡುವ ವಸ್ತುಗಳೆಲ್ಲ ಇವರ ಮಾತು ಕೇಳುತ್ತವೆ. ದೊಡ್ಡ ಪರದೆ, ಹಿಂಬದಿಯ ಚಿತ್ರಗಳು, ದೀಪದ ಸಾಲುಗಳು, ತಗಡಿನ ಚಂದ್ರ, ಹತ್ತಿಯ ಮೋಡ, ರಂಗದ ನಟ್ಟನಡುವೆ ಮನುಷ್ಯನನ್ನು ಮೇಲೆತ್ತುವ ಲಿಫ್ಟು. ಒಂದೊಂದಕ್ಕೂ ಒಂದೊಂದು ಮೋಟರು, ಒಂದೊಂದು ಮೋಟರಿಗೂ ಒಂದೊಂದು ಕಂಪನಿ. ಕೆಲವು ಕಂಪನಿಗಳು ಮುಚ್ಚಿ ಹೋಗಿವೆ, ಮೋಟರು ಮಾತ್ರ ಉಳಿದಿದೆ. ಒಂದು ‘ಇಳಿ’ ಅಂದರೆ ಇಳಿಯುತ್ತದೆ, ಇನ್ನೊಂದಕ್ಕೆ ಅದನ್ನೇ ಬೇರೆ ಭಾಷೆಯಲ್ಲಿ ಹೇಳಬೇಕು. ಮೂರನೆಯದು ಎರಡು ಸಲ ಹೇಳಿದರೆ ಮಾತ್ರ ಕೇಳುತ್ತದೆ. “ಮನೆಯಲ್ಲಿ ಮಕ್ಕಳಿದ್ದ ಹಾಗೆ,” ಎನ್ನುತ್ತಾರೆ ಅಕ್ಕ. ಇಷ್ಟನ್ನೂ ಒಂದೇ ಪ್ರೋಗ್ರಾಂ ಕೆಳಗೆ ತಂದು, ಮೇಲೆ ಕೂತವರು ಒಂದು ಗುಂಡಿ ಒತ್ತಿದರೆ ಸಾಕು ಎನ್ನುವ ಹಾಗೆ ಮಾಡಿಟ್ಟವರು ಇವರು. ನಾಟಕದ ಕರಪತ್ರದಲ್ಲಿ ರಾಜನಿಗೆ ಚಪ್ಪಲಿ ಎರವಲು ಕೊಟ್ಟ ಅಂಗಡಿಯ ಹೆಸರಿದೆ. ಇವರದ್ದಿಲ್ಲ.

ಅಕ್ಕ ಇಲ್ಲಿಗೆ ಬಂದದ್ದು ಟಿಕೆಟ್ ಕೊಡುವ ಯಂತ್ರ ಸರಿಮಾಡಲು. ಅದಕ್ಕೆ ಮುಂಚೆ ಬಿಸ್ಕತ್ತು ಕಾರ್ಖಾನೆಯೊಂದರಲ್ಲಿ ಡಬ್ಬಿ ಮುಚ್ಚುವ ಯಂತ್ರಗಳಿಗೆ ಪ್ರೋಗ್ರಾಂ ಬರೆಯುತ್ತಿದ್ದರು. ಟಿಕೆಟ್ ಯಂತ್ರ ಸರಿಯಾಯಿತು. ಹೊರಡುವಾಗ ಯಾರೋ, ಒಳಗೆ ಚಂದ್ರನಿಗೂ ಏನೋ ಆಗಿದೆ, ನೋಡ್ತೀರಾ ಎಂದರಂತೆ.

ಚಂದ್ರನಿಗೆ ಆಗಿದ್ದು ಇಷ್ಟು. ಪ್ರಣಯದ ದೃಶ್ಯ. ನಾಯಕ ನಾಯಕಿಯ ಕೈ ಹಿಡಿದು, ಈ ಚಂದ್ರನ ಸಾಕ್ಷಿಯಾಗಿ ಎನ್ನಬೇಕು. ಅಷ್ಟರಲ್ಲಿ ವಿರಾಮದ ಗಂಟೆ ಬಾರಿಸುತ್ತದೆ. ಪರದೆಗಿಂತ ಮೊದಲೇ ಚಂದ್ರ ಸರ್ರನೆ ಕೆಳಗಿಳಿದು ಇಬ್ಬರ ನಡುವೆ ಬಂದು ನಿಲ್ಲುತ್ತಾನೆ. ಪ್ರತಿ ಪ್ರದರ್ಶನದಲ್ಲೂ ಇದೇ ಕತೆ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ನಾಯಕಿ ಅಳುತ್ತಿದ್ದಳು.

ಅಕ್ಕ ಪ್ರೋಗ್ರಾಂ ತೆರೆದು ನೋಡಿದರು. ಹಿಂದೆ ಈ ಕೆಲಸದಲ್ಲಿದ್ದವರು ಅದನ್ನು ವಂಶವೃಕ್ಷದ ಹಾಗೆ ಬರೆದಿದ್ದರು. ಮೊದಲು ಪರದೆ. ಚಂದ್ರನೂ ಪರದೆಯ ಹಾಗೆ ಏರುತ್ತಾನೆ, ಇಳಿಯುತ್ತಾನೆ. ಹಾಗಾಗಿ ಹೊಸದಾಗಿ ಬರೆಯುವ ಕಷ್ಟ ಏಕೆಂದು ಚಂದ್ರನನ್ನು ಪರದೆಯ ಮಗನನ್ನಾಗಿ ಮಾಡಿದ್ದರು. ಮಗನೆಂದ ಮೇಲೆ ಅಪ್ಪನ ಆಸ್ತಿಯೂ ಬರುತ್ತದೆ, ಅಭ್ಯಾಸವೂ ಬರುತ್ತದೆ. ಗಂಟೆ ಕೇಳಿದರೆ ಇಳಿಯುವುದು ಪರದೆಯ ಅಭ್ಯಾಸ. ಚಂದ್ರ ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದ.

“ಅದಾದ ಮೇಲೆ ಮೋಡವನ್ನ ಚಂದ್ರನ ಮಗ ಮಾಡಿದ್ರು,” ಅಕ್ಕ ನೆನೆಸಿಕೊಂಡು ನಗುತ್ತಾರೆ. “ಬಿರುಗಾಳಿ ದೃಶ್ಯದಲ್ಲಿ ಕರಿಮೋಡ ಬರಬೇಕು. ಬಂತು. ಅಪ್ಪನ ಹಾಗೆ ಫಳಫಳ ಹೊಳೀತಾ ಬಂತು.”

ಇಲ್ಲಿಂದ ಮುಂದೆ ಅಕ್ಕನ ನಿಜವಾದ ಕೆಲಸ ಶುರು. ಅದನ್ನು ಅರ್ಥ ಮಾಡಿಕೊಳ್ಳಲು ನಾನು ಮೂರು ಸಲ ಕೇಳಬೇಕಾಯಿತು. ಮೂರನೆಯ ಸಲ ಅವರು ಪೆನ್ನು ಕೆಳಗಿಟ್ಟರು.

“ನೋಡಿ, ನಾನು ಯಾರ ಮಗ ಅಂತ ಕೇಳೋದು ಬಿಟ್ಟೆ. ನಿನಗೆ ಏನು ಮಾಡೋಕೆ ಬರುತ್ತೆ ಅಂತ ಕೇಳೋಕೆ ಶುರು ಮಾಡಿದೆ. ಇಳಿಯೋಕೆ ಬರುತ್ತಾ? ಸರಿ, ನೀನು ‘ಇಳಿಯಬಲ್ಲದ್ದು’. ಹೊಳೆಯೋಕೆ ಬರುತ್ತಾ? ‘ಹೊಳೆಯಬಲ್ಲದ್ದು’. ಚಂದ್ರನಿಗೆ ಎರಡೂ ಬರುತ್ತೆ, ಮೋಡಕ್ಕೆ ಒಂದೇ ಬರುತ್ತೆ. ಅವರಿಬ್ಬರೂ ನೆಂಟರಾಗಬೇಕಿಲ್ಲ. ಗಂಟೆ ಕೇಳಿ ಇಳಿಯೋ ಅಭ್ಯಾಸ ಪರದೆಗಷ್ಟೇ ಉಳೀತು.”

ಇಂಥ ಒಂದೊಂದು ‘ಬಲ್ಲದ್ದು’ ಕೂಡ ಪ್ರೋಗ್ರಾಂ ಬರೆಯುವವರ ಬಾಯಲ್ಲಿ ಒಂದು ಇಂಟರ್‌ಫೇಸ್. ಅಕ್ಕ ಅದನ್ನು ಕರಾರು ಎನ್ನುತ್ತಾರೆ. ಯಾವ ವಸ್ತು ಆ ಕೆಲಸಗಳನ್ನು ಮಾಡಬಲ್ಲದೋ ಅದು ಕರಾರಿಗೆ ಒಪ್ಪಿತು ಎಂದೇ ಲೆಕ್ಕ. ಅವರು ಬಳಸುವ ಭಾಷೆಯಲ್ಲಿ ಅದಕ್ಕೆಂದು ಅರ್ಜಿ ಹಾಕಬೇಕಿಲ್ಲ, ಯಾರೂ ಶಿಫಾರಸು ಮಾಡಬೇಕಿಲ್ಲ. ಪ್ರೋಗ್ರಾಮನ್ನು ಯಂತ್ರಕ್ಕೆ ಕೊಡುವ ಮೊದಲು ಕಂಪೈಲರ್ ಎಂಬ ತಪಾಸಣೆಗಾರ ಎಲ್ಲವನ್ನೂ ಓದಿ, ಕರಾರಿನಲ್ಲಿ ಹೇಳಿದ ಕೆಲಸಗಳಲ್ಲಿ ಒಂದು ಕಡಿಮೆಯಿದ್ದರೂ ಬಾಗಿಲಲ್ಲೇ ತಡೆಯುತ್ತದೆ.

ಇದೇ ಪಾಠವನ್ನು ಅಕ್ಕ ಮನೆಯಲ್ಲಿ ಅತ್ತೆಗೂ ಮಾಡಿದ್ದರಂತೆ. ಮನೆಯಲ್ಲಿರುವುದು ನಾಲ್ಕು ಜನ. ಕನ್ನಡಕದ ಅಂಗಡಿ ಇಟ್ಟಿರುವ ಗಂಡ, ಒಂಬತ್ತನೇ ತರಗತಿಯ ಮಗಳು, ಇವರು ಮತ್ತು ಅತ್ತೆ. ಸೊಸೆ ನೆಲದಡಿಯಲ್ಲಿ ಕೂತು ಏನು ಮಾಡುತ್ತಾಳೆ ಎಂದು ಪಕ್ಕದ ಮನೆಯವರು ಕೇಳಿದರೆ ಹೇಳಲು ಒಂದು ಉತ್ತರ ಬೇಕಿತ್ತು ಅತ್ತೆಗೆ.

“ಅತ್ತೆ, ನಲ್ಲಿ ಸೋರ್ತಿದ್ರೆ ಯಾರನ್ನ ಕರೀತೀವಿ? ನಲ್ಲಿ ರಿಪೇರಿ ಮಾಡೋಕೆ ಬರೋನನ್ನ. ಅವನು ಯಾರ ಮೊಮ್ಮಗ ಅಂತ ಕೇಳ್ತೀವಾ ಅಂದೆ.”

“ಅದಕ್ಕೆ ಅವರು?”

“ನಾನು ಕೇಳ್ತೀನಿ ಅಂದ್ರು.”

ನಾನು ಮನೆಗೆ ಹೋದಾಗ ಅತ್ತೆ ಇದನ್ನು ಪೂರ್ತಿ ಒಪ್ಪಿಕೊಂಡರು. “ಕೇಳದೆ ಹೇಗೆ ಒಳಗೆ ಬಿಡೋದು? ಹೋದ ಸಲ ಬಂದವನ ಚಿಕ್ಕಪ್ಪ ನಮ್ಮ ಬಚ್ಚಲು ಕೆಡಿಸಿಟ್ಟು ಹೋದವನು. ಇವಳ ಯಂತ್ರಗಳಿಗೆ ಚಿಕ್ಕಪ್ಪ ಇಲ್ಲ, ಅದಕ್ಕೇ ನಡೀತಿದೆ.” ಸೊಸೆಯ ಕೆಲಸದ ಬಗ್ಗೆ ಅವರು ಪಕ್ಕದ ಮನೆಗೆ ಕೊಟ್ಟ ಉತ್ತರವೂ ಸಿಕ್ಕಿತು: “ಅವಳು ಹೇಳಿದ್ರೆ ಚಂದ್ರ ಇಳೀತಾನೆ. ಮಗಳು ಮಾತ್ರ ಮಂಚದಿಂದ ಇಳಿಯಲ್ಲ.”

ಅತ್ತೆಯ ಅನುಮಾನದಲ್ಲೂ ಸ್ವಲ್ಪ ಹುರುಳಿತ್ತು ಎನ್ನುವುದು ಅಕ್ಕನಿಗೆ ತಿಳಿದದ್ದು ರಾಜನ ಸಾವಿನ ದಿನ.

ರಾಜನೆಂದರೆ ಇಲ್ಲಿನ ಹಿರಿಯ ನಟ. ಎತ್ತರದ ಆಳು, ಅದಕ್ಕೆ ತಕ್ಕ ಹೊಟ್ಟೆ, ಅದಕ್ಕೂ ಮೀರಿದ ಕಂಠ. ಯಾವ ನಾಟಕವಾದರೂ ರಾಜನ ಪಾತ್ರ ಇವರದ್ದೇ. ಹಾಗಾಗಿ ರಂಗದ ಹೊರಗೂ ದೊರೆ ಎಂದೇ ಹೆಸರು. ಆ ನಾಟಕದ ಕೊನೆಯಲ್ಲಿ ದೊರೆ ರಂಗದ ನಡುವೆ, ಸರಿಯಾಗಿ ಲಿಫ್ಟಿನ ಹಲಗೆಯ ಮೇಲೆ, ಸತ್ತು ಮಲಗಿರುತ್ತಾರೆ. ಎದೆಯ ಮೇಲೆ ಹೂವು. ಸುತ್ತ ಮಂತ್ರಿಗಳು. ಆಗ ದೀಪದ ಸಾಲು, ಹಿಂಬದಿ ಚಿತ್ರ, ಪರದೆ ಎಲ್ಲವೂ ಒಟ್ಟಿಗೆ ನಿಧಾನವಾಗಿ ಇಳಿಯಬೇಕು. ಅಕ್ಕ ಒಂದೊಂದನ್ನೇ ಹೆಸರು ಹಿಡಿದು ಕರೆಯುವ ಬದಲು, ಇಳಿಯಬಲ್ಲದ್ದೆಲ್ಲ ಇಳಿಯಲಿ ಎಂದು ಒಂದೇ ಸಾಲು ಬರೆದಿದ್ದರು. ಆ ಸಾಲಿನ ಬಗ್ಗೆ ಅವರಿಗೆ ಸಣ್ಣ ಜಂಬವೂ ಇತ್ತು.

ಲಿಫ್ಟಿನ ಮೋಟರಿಗೆ ಮೊದಲು ‘ಇಳಿ’ ಎಂಬ ಆಜ್ಞೆ ಇರಲಿಲ್ಲ, ‘ಕೆಳಗೆ ಹೋಗು’ ಎಂದಿತ್ತು. ಆ ವಾರ ಕಂಪನಿಯವರು ತಮ್ಮ ಸಾಫ್ಟ್‌ವೇರನ್ನು ಹೊಸದು ಮಾಡಿ ಅದನ್ನು ‘ಇಳಿ’ ಎಂದು ಬದಲಿಸಿದ್ದರು. ಅಲ್ಲಿಗೆ ಲಿಫ್ಟು ಕೂಡ, ಯಾರನ್ನೂ ಕೇಳದೆ, ಇಳಿಯಬಲ್ಲದ್ದಾಯಿತು.

“ನಾನು ಇಲ್ಲೇ ಕೂತಿದ್ದೆ,” ಅಕ್ಕ ಮೇಜಿನ ಪಕ್ಕದ ಲಿಫ್ಟಿನ ಕಂಬಿಗಳನ್ನು ತೋರಿಸುತ್ತಾರೆ. “ಮೇಲೆ ಶೋಕದ ಸಂಗೀತ. ನೋಡ್ತೀನಿ, ದೊರೆ ಹೂವಿನ ಸಮೇತ ನನ್ನ ಪಕ್ಕಕ್ಕೆ ಇಳಿದು ಬರ್ತಿದ್ದಾರೆ. ಪಾಪ, ನಟನೆ ಬಿಡಲಿಲ್ಲ. ಕಣ್ಣು ಮುಚ್ಚಿಕೊಂಡೇ ಇದ್ರು. ಪೂರ್ತಿ ಇಳಿದ ಮೇಲೆ ಒಂದು ಕಣ್ಣು ಬಿಟ್ಟು, ‘ಎಲ್ಲಿದೀನಿ?’ ಅಂದ್ರು. ‘ಗೋದಾಮು’ ಅಂದೆ. ‘ಸದ್ಯ’ ಅಂದ್ರು.”

ಮೇಲೆ ಸೀಟುಗಳಲ್ಲಿದ್ದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಭೂಮಿಯೇ ರಾಜನನ್ನು ಮಡಿಲಿಗೆ ಎಳೆದುಕೊಂಡ ಆ ಕ್ಷಣದ ಬಗ್ಗೆ ವಿಮರ್ಶೆ ಬಂತು, ನಿರ್ದೇಶಕರ ಕಲ್ಪನೆಗೆ ಶಹಬ್ಬಾಸ್ ಸಿಕ್ಕಿತು. ನಿರ್ದೇಶಕರು ಅದನ್ನು ಎರಡೂ ಕೈಯಿಂದ ತೆಗೆದುಕೊಂಡರು. ಅಂದಿನಿಂದ ಪ್ರತಿ ಪ್ರದರ್ಶನದಲ್ಲೂ ದೊರೆ ಪಾತಾಳಕ್ಕೆ ಇಳಿಯುವುದು ಕಡ್ಡಾಯವಾಯಿತು. ಇಳಿದ ಮೇಲೆ ಚಪ್ಪಾಳೆ ಮುಗಿಯುವವರೆಗೆ ಅಕ್ಕನ ಪಕ್ಕ ಕೂತು ಅವರ ಡಬ್ಬಿಯ ಕಡಲೆಕಾಯಿ ಬೀಜ ತಿನ್ನುತ್ತಿದ್ದರು.

ಎಲ್ಲರೂ ನಕ್ಕು ಮರೆತರು. ಅಕ್ಕ ಮರೆಯಲಿಲ್ಲ. “ಅವತ್ತು ಅವರ ಕೈ ಹಲಗೆಯಿಂದ ಆಚೆ ಚಾಚಿದ್ರೆ ಏನಾಗ್ತಿತ್ತು? ಚಿತ್ರಾನೂ ಇಳಿಯುತ್ತೆ, ಮನುಷ್ಯನನ್ನ ಹೊತ್ತ ಹಲಗೇನೂ ಇಳಿಯುತ್ತೆ. ಪದ ಒಂದೇ. ಕೆಲಸ ಒಂದೇನಾ? ತಪ್ಪು ಕಂಪನಿಯವರದ್ದಲ್ಲ, ನನ್ನದು. ಅಷ್ಟು ಅಗಲದ ಕರಾರು ಬರೆದರೆ ಯಾರು ಬೇಕಾದ್ರೂ ಒಳಗೆ ಬರ್ತಾರೆ.”

ಆಗ ಬರೆದದ್ದು ಎರಡನೆಯ ಕರಾರು, ‘ಆಳು ಹೊರಬಲ್ಲದ್ದು’. ಅದಕ್ಕೆ ಮೂರು ಕೆಲಸ ಬರಬೇಕು. ನಿಧಾನವಾಗಿ ಇಳಿಯಬೇಕು. ಎಲ್ಲಿ ನಿಲ್ಲು ಅಂದರೆ ಅಲ್ಲಿ ನಿಲ್ಲಬೇಕು. ಹೊತ್ತಿರುವ ಭಾರ ಎಷ್ಟೆಂದು ಹೇಳಬೇಕು. ಮೂರರಲ್ಲಿ ಒಂದು ಬರದಿದ್ದರೂ ಆ ಯಂತ್ರಕ್ಕೆ ಮನುಷ್ಯರನ್ನು ಕಟ್ಟುವ ಹಾಗಿಲ್ಲ, ಕಂಪೈಲರ್ ಬಿಡುವುದಿಲ್ಲ.

ಹೊಸ ನಾಟಕದ ಮೊದಲ ಪ್ರದರ್ಶನದ ದಿನ ಆ ಕರಾರು ನಿರ್ದೇಶಕರ ಎದುರಿಗೆ ಅಡ್ಡ ನಿಂತಿತು. ದೊರೆಗೆ ಈ ಬಾರಿ ಮೇಘರಾಜನ ಪಾತ್ರ. ಆಕಾಶದಿಂದ ಇಳಿದು, ಸಿಂಹಾಸನದ ಮೇಲೆ ಒಂದಾಳೆತ್ತರದಲ್ಲಿ ಗಾಳಿಯಲ್ಲೇ ನಿಂತು ಒಂದು ದೀರ್ಘ ಭಾಷಣ ಮಾಡಬೇಕು. ಬೆಳಗ್ಗೆ ತಾಲೀಮಿಗೆ ಬಂದರೆ ಮನುಷ್ಯರನ್ನು ಇಳಿಸುವ ಮೋಟರು ಕೆಟ್ಟು ಕೂತಿದೆ. ರಿಪೇರಿಗೆ ಬೇಕಾದ ಭಾಗ ಬರಲು ಒಂದು ವಾರ.

ನಿರ್ದೇಶಕರ ಕಣ್ಣು ಸಭಾಂಗಣದ ದೀಪದ ಗೊಂಚಲಿನ ಮೇಲೆ ಬಿತ್ತು. ಅದರ ಮೋಟರನ್ನು ಬಿಚ್ಚಿ ರಂಗದ ಮೇಲೆ ಕಟ್ಟಿದರು. ಗೊಂಚಲು ದೊರೆಗಿಂತ ಭಾರವಿದೆ, ಅಂದ ಮೇಲೆ ಹೆದರಿಕೆ ಏಕೆ ಎನ್ನುವುದು ಅವರ ವಾದ. ಅದು ಹೊಗಳಿಕೆಯೋ ಅವಮಾನವೋ ತೀರ್ಮಾನವಾಗದೆ ದೊರೆ ಸುಮ್ಮನಿದ್ದರು.

ಕಂಪೈಲರ್ ಮಾತ್ರ ಸುಮ್ಮನಿರಲಿಲ್ಲ. ಗೊಂಚಲಿನ ಮೋಟರಿಗೆ ನಿಧಾನವಾಗಿ ಇಳಿಯಲು ಬರುತ್ತದೆ, ಭಾರ ಹೇಳಲು ಬರುತ್ತದೆ, ‘ನಿಲ್ಲು’ ಬರುವುದಿಲ್ಲ ಎಂದು ಕೆಂಪು ಅಕ್ಷರದಲ್ಲಿ ಬರೆಯಿತು. ಗೊಂಚಲಿಗೆ ಅದರ ಅಗತ್ಯ ಎಂದೂ ಬಿದ್ದಿರಲಿಲ್ಲ. ಅದು ತೊಳೆಯಲು ನೆಲದವರೆಗೆ ಇಳಿಯುತ್ತಿತ್ತು, ಬೆಳಗಲು ಸೂರಿನವರೆಗೆ ಏರುತ್ತಿತ್ತು.

ನಿರ್ದೇಶಕರು ಮೊದಲ ಬಾರಿಗೆ ಪಾತಾಳಕ್ಕೆ ಬಂದರು. ತಲೆ ತೊಲೆಗೆ ಬಡಿಯಿತು.

“ಇದಕ್ಕೆ ಬೇಕಾಗಿರೋದು ‘ನಿಲ್ಲು’ ಅನ್ನೋ ಒಂದು ಪದ ತಾನೇ? ಬರೆದುಬಿಡಿ.”

“ಬರೀಬಹುದು ಸಾರ್. ಒಳಗೆ ಏನೂ ಇರಲ್ಲ.”

“ಒಳಗೆ ಯಾರು ನೋಡ್ತಾರೆ? ಟಿಕೆಟ್ ಎಲ್ಲಾ ಖಾಲಿ ಆಗಿದೆ. ಇದು ನನ್ನ ಆರ್ಡರ್ ಅಂತಲೇ ತಿಳ್ಕೊಳ್ಳಿ. ಆಗಲ್ಲ ಅಂದ್ರೆ ಆಗುತ್ತೆ ಅನ್ನೋರನ್ನ ನಾಳೆ ಹುಡುಕ್ತೀನಿ.”

ಮುಂದಿನದನ್ನು ಹೇಳುವಾಗ ಅಕ್ಕ ನನ್ನ ಮುಖ ನೋಡುವುದಿಲ್ಲ, ಕೀಲಿಮಣೆ ನೋಡುತ್ತಾರೆ. “ಬರೆದೆ. ‘ನಿಲ್ಲು’ ಅಂತ ಹೆಸರು, ಒಳಗೆ ಖಾಲಿ. ಕಂಪೈಲರ್ ಒಪ್ಪಿಕೊಳ್ತು. ಅದು ನೋಡೋದು ಹೆಸರಿದೆಯಾ ಅಂತ ಅಷ್ಟೆ. ಕೊಟ್ಟ ಮಾತು ಉಳಿಸಿಕೊಳ್ತೀಯಾ ಅಂತ ಅದು ಕೇಳಲ್ಲ, ಅದಕ್ಕೆ ಕೇಳೋಕೂ ಬರಲ್ಲ. ಕೆಂಪು ಹೋಗಿ ಹಸಿರು ಬಂತು. ಅಷ್ಟು ಅಸಹ್ಯವಾದ ಹಸಿರು ನಾನು ನೋಡಿಲ್ಲ.”

ಮೇಲೆ ದೊರೆಗೆ ಸೊಂಟಪಟ್ಟಿ ಬಿಗಿಯುವ ಸದ್ದು ಕೇಳುತ್ತಿತ್ತು. ಯಾರೋ ಇನ್ನೊಂದು ತೂತು ಸಡಿಲ ಮಾಡಿ ಎಂದರು. ಅಕ್ಕ ಎದ್ದರು. ಅಷ್ಟು ವರ್ಷಗಳಲ್ಲಿ ತಾಲೀಮಿನ ಹೊತ್ತಿನಲ್ಲಿ ಒಮ್ಮೆಯೂ ರಂಗಕ್ಕೆ ಹತ್ತದವರು ಮೆಟ್ಟಿಲೇರಿ, ದೀಪಗಳ ಝಳಕ್ಕೆ ಕಣ್ಣು ಕಿರಿದು ಮಾಡಿಕೊಂಡು, ನೇರ ಕೊಕ್ಕೆಯ ಕೆಳಗೆ ಹೋಗಿ ನಿಂತರು.

“ಮೊದಲು ಆ ಪೆಟ್ಟಿಗೆ ಕಟ್ಟಿ,” ಎಂದರು. ದೊರೆಯ ವೇಷಭೂಷಣದ ಮರದ ಪೆಟ್ಟಿಗೆ ಅದು. ಇಬ್ಬರ ತೂಕವೂ ಹೆಚ್ಚುಕಡಿಮೆ ಒಂದೇ.

“ಹೊತ್ತಿಲ್ಲ!” ನಿರ್ದೇಶಕರು ಕೂಗಿದರು. “ಪಕ್ಕಕ್ಕೆ ಸರೀರಿ!”

“ಪೆಟ್ಟಿಗೆ ನಿಂತ್ರೆ ಸರೀತೀನಿ.”

ಹಾಗೆ ಎಷ್ಟು ಹೊತ್ತು ನಡೆಯುತ್ತಿತ್ತೋ, ದೊರೆ ಗಂಟಲು ಸರಿಮಾಡಿಕೊಂಡರು. ತಾವು ಹೆದರಿಲ್ಲ ಎಂದು ಮೊದಲು ಸ್ಪಷ್ಟಪಡಿಸಿದರು. ಎಂಥೆಂಥ ಎತ್ತರದಿಂದ ತಾವು ಇಳಿದಿರುವುದಾಗಿ ಹೇಳಿದರು. ಕೊನೆಗೆ, “ಆದರೂ ಪೆಟ್ಟಿಗೆಗೆ ನನಗಿಂತ ಸೀನಿಯಾರಿಟಿ ಜಾಸ್ತಿ, ಅದೇ ಮೊದಲು ಹೋಗಲಿ,” ಎಂದು ಅವಸರದಲ್ಲಿ ಸೊಂಟಪಟ್ಟಿ ಬಿಚ್ಚಿಕೊಂಡರು.

ಪೆಟ್ಟಿಗೆ ಮೇಲಕ್ಕೆ ಹೋಯಿತು. ಅಕ್ಕ ನಾಲ್ಕು ಹೆಜ್ಜೆ ಹಿಂದೆ ಸರಿದರು. ನಿರ್ದೇಶಕರೇ ಗುಂಡಿ ಒತ್ತಿದರು. ಪೆಟ್ಟಿಗೆ ಗಾಂಭೀರ್ಯದಿಂದ ಇಳಿಯತೊಡಗಿತು. ಒಂದಾಳೆತ್ತರಕ್ಕೆ ಬಂದಾಗ ಅವರು ‘ನಿಲ್ಲು’ ಗುಂಡಿ ಒತ್ತಿದರು. ಗುಂಡಿಯ ಪಕ್ಕದ ಪುಟ್ಟ ಕಂಪ್ಯೂಟರ್ ಪರದೆಯ ಮೇಲೆ ‘ನಿಂತಿದೆ’ ಎಂದು ಬಂತು. ಪೆಟ್ಟಿಗೆ ಇಳಿಯುತ್ತಲೇ ಇತ್ತು. ಇನ್ನೊಮ್ಮೆ ಒತ್ತಿದರು, ಬಾಯಲ್ಲೂ ನಿಲ್ಲು ನಿಲ್ಲು ಎಂದರು. ಅದು ಸಿಂಹಾಸನದ ಮೇಲೆ ಕೂತು, ಅವಸರವಿಲ್ಲದೆ, ಸಿಂಹಾಸನವನ್ನು ನೆಲಕ್ಕೆ ಸಮ ಮಾಡಿ, ಆಮೇಲೆ ನಿಂತಿತು.

ದೊರೆ ಹತ್ತಿರ ಹೋಗಿ, ಪುಡಿಯಾದ ಸಿಂಹಾಸನದ ಒಂದು ಕಾಲನ್ನು ಎತ್ತಿ ನೋಡಿದರು. ಆಮೇಲೆ ತಮ್ಮ ಕಾಲುಗಳನ್ನು ನೋಡಿಕೊಂಡರು.

“ಸಂಜೆ ಏನ್ಮಾಡೋದು?” ನಿರ್ದೇಶಕರ ದನಿಯಲ್ಲಿ ಈಗ ಆರ್ಡರ್ ಇರಲಿಲ್ಲ. ರಂಗದ ಅಂಚಿನಲ್ಲಿ ಕೂತುಬಿಟ್ಟಿದ್ದರು. “ಇಡೀ ನಾಟಕ ಇವರು ಮೇಲಿಂದ ಇಳಿಯೋದರ ಮೇಲೆ ನಿಂತಿದೆ.”

ಅಕ್ಕ ಸಭಾಂಗಣದ ಕಡೆ ನೋಡುತ್ತಿದ್ದರು. ಹಿಂದೆ, ಬಾಲ್ಕನಿಯಿಂದ ಕೆಳಗಿನ ಸೀಟುಗಳ ನಡುವೆ ಇಳಿದು ಬರುವ ಅಗಲದ ಮೆಟ್ಟಿಲು.

“ನಿಧಾನವಾಗಿ ಇಳಿಯಬೇಕು, ನಿಲ್ಲು ಅಂದಲ್ಲಿ ನಿಲ್ಲಬೇಕು, ಅಷ್ಟೇ ತಾನೇ?” ಎಂದರು. “ಅದು ಇವರ ಕಾಲಿಗೇ ಬರುತ್ತಲ್ಲ ಸಾರ್.”

“ಮೂರನೇದು?” ಯಾರೋ ಹಿಂದಿನಿಂದ ಕೇಳಿದರು. “ಭಾರ ಎಷ್ಟು ಅಂತ ಹೇಳಬೇಕಲ್ಲ?”

“ಅದೊಂದನ್ನ ಹೇಳಲ್ಲ,” ಎಂದರು ದೊರೆ.

ಕರಾರು ಬರೆದವರೇ ಆ ಒಂದು ವಿನಾಯಿತಿ ಕೊಟ್ಟರು. ಸಂಜೆ ಬಾಲ್ಕನಿಯ ಬಾಗಿಲು ತೆರೆದು, ಮಾರುದ್ದದ ಹತ್ತಿಯ ಮೋಡವನ್ನು ಹಿಂದೆ ಎಳೆಯುತ್ತಾ ಮೇಘರಾಜ ಮೆಟ್ಟಿಲಿಳಿದು ಬಂದ. ಜನ ಕೂತಲ್ಲೇ ತಿರುಗಿ ಬಾಯಿ ಬಿಟ್ಟುಕೊಂಡು ನೋಡಿದರು. ಮೋಡ ನಾಲ್ಕಾರು ಜನರ ತಲೆಯ ಮೇಲೆ ಹಾಯಿತು, ಒಬ್ಬರ ಕನ್ನಡಕ ತನ್ನೊಂದಿಗೆ ಒಯ್ದಿತು. ಅರ್ಧ ದಾರಿಯಲ್ಲಿ ದೊರೆ ಏದುಸಿರು ಬಿಡುತ್ತಾ ನಿಂತರು. ಆ ಮೌನಕ್ಕೆ ಇಡೀ ಸಭಾಂಗಣ ತಲೆದೂಗಿತು. ಅಂಚಿನ ಸೀಟಿನ ಅಜ್ಜಿಯೊಬ್ಬರು ಎದ್ದು, “ಕೂತ್ಕೊಳ್ಳಪ್ಪಾ ಸ್ವಲ್ಪ,” ಎಂದು ಜಾಗ ಬಿಟ್ಟರು. ದೊರೆ ಕೂತೇಬಿಟ್ಟರು. ಭಾಷಣವನ್ನು ಅಲ್ಲಿಂದಲೇ ಮಾಡಿದರು.

ಮರುದಿನ ಪತ್ರಿಕೆಗಳು ಇದನ್ನೂ ನಿರ್ದೇಶಕರ ಖಾತೆಗೇ ಹಾಕಿದವು. ದೇವತೆ ಪ್ರಜೆಗಳ ನಡುವೆ ಬಂದು ಕೂರುವ ಪರಿಕಲ್ಪನೆ ಅದ್ಭುತ ಎಂದವು. ನಿರ್ದೇಶಕರು ಅದನ್ನು ಓದಿ, ಕತ್ತರಿಸಿ, ತಾವೇ ಪಾತಾಳಕ್ಕೆ ತಂದು, ಅಕ್ಕನ ಗೋಡೆಗೆ ಅಂಟಿಸಿ ಹೋದರು. ಹೋಗುವಾಗ ಮತ್ತೆ ತಲೆ ಬಡಿಯಿತು. ನಾಳೆ ಬೇರೆಯವರನ್ನು ಹುಡುಕುವ ಮಾತು ಮತ್ತೆ ಬರಲಿಲ್ಲ.

ಆ ಖಾಲಿ ‘ನಿಲ್ಲು’ವನ್ನು ಅಕ್ಕ ಅಂದೇ ಅಳಿಸಿದರು. ಈಗ ಆಳು ಹೊರಬಲ್ಲೆ ಎನ್ನುವ ಯಾವ ಯಂತ್ರ ಬಂದರೂ ಕಂಪೈಲರ್ ಒಪ್ಪಿದರೆ ಸಾಲದು, ದೊರೆಯ ಪೆಟ್ಟಿಗೆಯನ್ನು ಇಳಿಸಿ ನಿಲ್ಲಿಸಿ ತೋರಿಸಬೇಕು. ನಾನು ಹೋದ ದಿನ ಹೊಸ ಮೋಟರೊಂದು ಆ ಪರೀಕ್ಷೆಗೆ ಕೂತಿತ್ತು. ದೊರೆ ಖುದ್ದಾಗಿ ಬಂದು ನಿಂತಿದ್ದರು. “ಒಳಗೆ ನನ್ನ ಹತ್ತು ಕಿರೀಟ ಇದೆ. ಕಾಳಜಿ ಅದರದ್ದು,” ಎಂದು ನನಗೆ ಹೇಳಿದರು. ಪೆಟ್ಟಿಗೆ ಗಾಳಿಯಲ್ಲಿ ನಿಂತಾಗ ಎಲ್ಲರಿಗಿಂತ ದೊಡ್ಡ ನಿಟ್ಟುಸಿರು ಅವರದ್ದೇ.

ಹೊರಡುವ ಮುಂಚೆ, ಇಷ್ಟು ವರ್ಷದಲ್ಲಿ ನಿಮಗೆ ತುಂಬ ಸಂತೋಷ ಕೊಟ್ಟದ್ದು ಯಾವುದು ಎಂದು ಅಕ್ಕನನ್ನು ಕೇಳುತ್ತೇನೆ. ಚಂದ್ರನ ಕತೆಯನ್ನೋ, ಸಿಂಹಾಸನದ ಕತೆಯನ್ನೋ ಹೇಳುತ್ತಾರೆ ಎಂದುಕೊಂಡಿದ್ದೆ.

“ಹೋದ ತಿಂಗಳು ಹಲ್ಲುನೋವು ಅಂತ ಒಂದು ದಿನ ರಜೆ ಹಾಕಿದ್ದೆ,” ಎನ್ನುತ್ತಾರೆ. “ದವಡೆಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದೆ. ನಮ್ಮತ್ತೆ ನಾಟಕ ನೋಡೋಕೆ ಹೋಗಿದ್ರು. ಬಂದವರೇ, ‘ಏನು ಹಿಮ ಬಿತ್ತೇ ಅಲ್ಲಿ, ಕಣ್ಣು ತುಂಬಿ ಬಂತು’ ಅಂದ್ರು. ಯಾವ ಹಿಮ ಅತ್ತೆ, ನಮ್ಮಲ್ಲಿ ಹಿಮದ ಯಂತ್ರಾನೇ ಇಲ್ಲ ಅಂದೆ. ಮಧ್ಯಾಹ್ನ ಬಂತಂತೆ ಹೊಸದು, ಯಾವುದೋ ದೂರದ ಕಂಪನಿಯದ್ದು. ಅವರು ನನ್ನ ಮುಖ ನೋಡಿಲ್ಲ, ನಾನು ಅವರ ಯಂತ್ರ ನೋಡಿಲ್ಲ. ನನ್ನ ಕರಾರು ಓದಿಕೊಂಡು ಮಾಡಿ ಕಳಿಸಿದ್ದಾರೆ. ನಮ್ಮ ಹುಡುಗರು ಪೆಟ್ಟಿಗೆ ಇಳಿಸಿ ನೋಡೋ ಹಾಗೆ ಅದನ್ನೂ ಒಂದು ಸಲ ನೋಡಿ, ವೈರು ಸಿಕ್ಕಿಸಿ, ಗುಂಡಿ ಒತ್ತಿದ್ದಾರೆ. ಹಿಮ ಬಿದ್ದಿದೆ.”

ಮೇಲೆ ಯಾರೋ ಓಡಾಡುವ ಹೆಜ್ಜೆ ಸದ್ದು.

“ದಿನವಿಡೀ ಫೋನು ತಲೆದಿಂಬಿನ ಪಕ್ಕಾನೇ ಇತ್ತು,” ಎನ್ನುತ್ತಾರೆ ಪಾತಾಳದಕ್ಕ. “ಒಬ್ಬರೂ ಕರೀಲಿಲ್ಲ, ಗೊತ್ತಾ?”